ಒಂದೇ ಮನೆಯಲ್ಲಿ ಇಬ್ಬರು ಯೊಹಾನ್ನೆಸ್

ನಮ್ಮತ್ತೆಯ ಮುತ್ತಜ್ಜ ಹುಟ್ಟಿದ ಊರನ್ನು ಹುಡುಕಿಕೊಡುತ್ತೇನೆಂದು ನಾನೇ ಮುಂದೆ ಬಂದು ಒಪ್ಪಿಕೊಂಡಿದ್ದೆ. ಗೊತ್ತಿದ್ದದ್ದು ಇಷ್ಟೇ: ಸ್ವೀಡನ್ನಿನ ಸ್ಮೋಲಾಂಡ್ ಪ್ರಾಂತ್ಯ, ಅವನು ಕೊನೆಗೆ ಸತ್ತ ಹೊಲಮನೆ, ಹೆಸರು ಯೊಹಾನ್ನೆಸ್ ಪೇತೆರ್‌ಸನ್. ಪೇತೆರನ ಮಗ ಯೊಹಾನ್ನೆಸ್ ಎಂದರ್ಥ. ನನ್ನ ಇನಿಶಿಯಲ್ ಅಪ್ಪನ ಹೆಸರಿನದು, ಅಪ್ಪನ ಇನಿಶಿಯಲ್ ಅಜ್ಜನದು. ಹಾಗಾಗಿ ತಲೆಮಾರಿಗೊಮ್ಮೆ ಬದಲಾಗುವ ಈ ‘ಸನ್’, ‘ದೊತ್ತೆರ್’ ನನಗೆ ಹೊಸದೆನಿಸಲಿಲ್ಲ. ಆಂಡೆರ್ಸನ ಮಗಳು ಆಂಡೆರ್ಸ್‌ದೊತ್ತೆರ್, ಮದುವೆಯಾದ ಮೇಲೂ ಅದೇ. 19ನೇ ಶತಮಾನದ ಕೊನೆಗೆ ಜನ ‘ಸನ್’ ಅನ್ನೇ ಮನೆತನದ ಹೆಸರಾಗಿ ಉಳಿಸಿಕೊಳ್ಳತೊಡಗಿದರು, 1901ರ ಕಾಯ್ದೆಯ ನಂತರ ಹಳೆಯ ಪದ್ಧತಿ ಹೆಚ್ಚುಕಡಿಮೆ ನಿಂತೇಹೋಯಿತು.

ಪದ್ಧತಿ ಅರ್ಥವಾದಷ್ಟು ಸುಲಭವಾಗಿ ಮನುಷ್ಯ ಸಿಗಲಿಲ್ಲ. ಮಕ್ಕಳಿಗೆ ಅಜ್ಜ ಅಜ್ಜಿಯರ ಹೆಸರಿಡುವ ರೂಢಿ ಇದ್ದದ್ದರಿಂದ ಒಂದು ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಊರುಗಳಲ್ಲಿ, ಅವವೇ ಹತ್ತಾರು ಹೆಸರು ಸುತ್ತುತ್ತಿರುತ್ತವೆ. ಸಾಲದ್ದಕ್ಕೆ ಪೇತೆರ್, ಪೇರ್, ಪೇತ್ರುಸ್ ಮೂರೂ ಒಬ್ಬನೇ ಇರಬಹುದು; ಕ್ರಿಸ್ತಿನಾ ಮುಂದಿನ ಪುಟದಲ್ಲಿ ಸ್ತೀನಾ ಆಗಿರುತ್ತಾಳೆ. ಸೈನ್ಯದಲ್ಲಿ ಈ ಗೊಂದಲ ಬೇಡವೆಂದು ಸಿಪಾಯಿಗಳಿಗೆ ರಾಸ್ಕ್ (ಚುರುಕಿನವನು), ಮೂದಿಗ್ (ಧೈರ್ಯಶಾಲಿ) ಎಂಬಂಥ ಬೇರೆ ಹೆಸರನ್ನೇ ಕೊಡುತ್ತಿದ್ದರು.

ನಾನು ಮಾಡಿದ ತಪ್ಪು ಇದು. ಜನನದ ದಾಖಲೆಯಲ್ಲಿ ಪೇತೆರನ ಮಗ ಯೊಹಾನ್ನೆಸ್ ಒಬ್ಬ ಸಿಕ್ಕ, ಊರೂ ಹತ್ತಿರದ್ದೇ. ಅವನೇ ಎಂದುಕೊಂಡು ಅಲ್ಲಿಂದ ಮೇಲಕ್ಕೆ ಮೂರು ತಲೆಮಾರು ಕಟ್ಟಿದೆ. ನಾಲ್ಕು ತಿಂಗಳ ಕೆಲಸ. ಆ ಹುಡುಗ ಬೆಳೆದದ್ದನ್ನೂ ನೋಡೋಣವೆಂದು ಮನೆವಾರು ಪುಸ್ತಕ ತೆರೆದರೆ ಅವನ ಹೆಸರಿನ ಮೇಲೆ ಅಡ್ಡಗೆರೆ, ಸಾಲಿನ ಕೊನೆಗೆ ‘ದೋದ್’. ಸತ್ತ. ಎರಡು ವರ್ಷವೂ ತುಂಬಿರಲಿಲ್ಲ.

ಈ ಮನೆವಾರು ಪುಸ್ತಕವನ್ನು ಸ್ವೀಡನ್ನಿನಲ್ಲಿ ಹೂಸ್‌ಫೋರ್‌ಹೋರ್ಸ್‌ಲೆಂಗ್ಡ್ ಎನ್ನುತ್ತಾರೆ. ಚರ್ಚಿನವರು ಇಂಥ ದಾಖಲೆ ಇಡಬೇಕೆಂಬ ನಿಯಮ 1686ರ ಚರ್ಚ್ ಕಾನೂನಿನಲ್ಲಿದೆ. ಜನರಿಗೆ ಓದಲು ಬರುತ್ತದೆಯೇ, ಧರ್ಮಪಾಠ ತಿಳಿದಿದೆಯೇ ಎಂದು ಪಾದ್ರಿ ಪರೀಕ್ಷಿಸಿ ಬರೆದದ್ದು. ಹೊಲಮನೆಗೊಂದು ಪುಟ: ಯಜಮಾನ, ಹೆಂಡತಿ, ಮಕ್ಕಳು, ಆಳುಗಳು, ಪ್ರತಿಯೊಬ್ಬರ ಜನ್ಮದಿನ, ಎಲ್ಲಿಂದ ಬಂದರು, ಎಲ್ಲಿಗೆ ಹೋದರು. ಸ್ವೀಡನ್ನಿನ ರಾಷ್ಟ್ರೀಯ ದಾಖಲಾತಿ ಸಂಸ್ಥೆ ರಿಕ್ಸ್‌ಆರ್ಕಿವೆಟ್ ಇವುಗಳ ಚಿತ್ರಗಳನ್ನು 2018ರಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ.

ಎರಡನೇ ಸಲ ನಾನು ಹುಟ್ಟಿನಿಂದ ಶುರುಮಾಡಲಿಲ್ಲ. ಅವನು ಮುದುಕನಾಗಿ ಸತ್ತ ಹೊಲಮನೆಯಿಂದ ಹಿಂದಕ್ಕೆ ನಡೆದೆ. ಒಂದು ಪುಸ್ತಕ ಮುಗಿದರೆ ಅದರ ಹಿಂದಿನದು, ‘ಎಲ್ಲಿಂದ ಬಂದ’ ಅನ್ನುವ ಕಾಲಂ ತೋರಿಸಿದ ಕಡೆಗೆ. ಹೆಸರನ್ನು ನಂಬಲಿಲ್ಲ. ಹುಟ್ಟಿದ ತಾರೀಖು ಮತ್ತು ಹೊಲಮನೆಯ ಹೆಸರು, ಎರಡೂ ಕೂಡಿಬಂದರೆ ಮಾತ್ರ ಮುಂದಿನ ಹೆಜ್ಜೆ. ಆಳಾಗಿ ದುಡಿದ ಹುಡುಗರು ವರ್ಷಕ್ಕೊಂದು ಮನೆ ಬದಲಿಸುತ್ತಿದ್ದರು, ಅದಕ್ಕೇ ತಡವಾಯಿತು. ಐದನೇ ಮನೆಯಲ್ಲಿ ಅವನ ಅಪ್ಪ ಅಮ್ಮ ಸಿಕ್ಕರು.

ಆ ಪುಟವನ್ನು ಈಗಲೂ ಕಣ್ಣುಮುಚ್ಚಿ ಹೇಳಬಲ್ಲೆ. ಅಪ್ಪ ಪೇತೆರ್, ತಾಯಿ ಸ್ತೀನಾ, ಕೆಳಗೆ ಮಕ್ಕಳು. ಮೂರನೆಯವನು ಯೊಹಾನ್ನೆಸ್, ಮೇಲೆ ಅಡ್ಡಗೆರೆ. ಮತ್ತೆ ಅದೇ ಆಯಿತೆಂದು ಎದೆ ಧಸಕ್ಕೆಂದಿತು. ಎರಡು ಸಾಲು ಬಿಟ್ಟು ಕೆಳಗೆ, ಬೇರೆ ಮಸಿಯಲ್ಲಿ, ಇನ್ನೊಬ್ಬ ಯೊಹಾನ್ನೆಸ್, ಗೆರೆಯಿಲ್ಲ. ತಾರೀಖು ದಿನ ಸಮೇತ ತಾಳೆಯಾಯಿತು. ತೀರಿಹೋದ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದ ಮಗುವಿಗೆ ಇಡುವುದು ಅಲ್ಲಿ ಸಾಮಾನ್ಯವಾಗಿತ್ತು.

ಅತ್ತೆಗೆ ಪುಟ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ವಂಶವೃಕ್ಷದಲ್ಲಿ ತಮ್ಮ ಮುತ್ತಜ್ಜನನ್ನು ಬರೆಯಲು ಹೊರಟವಳನ್ನು ತಡೆದು, ‘ಮೊದಲು ದೊಡ್ಡವನನ್ನು ಬರಿ’ ಅಂದರು. ಬರೆದೆ, ಎರಡೂ ತಾರೀಖು ಹಾಕಿ.