ಮೊದಲ ಮಳೆಗೆ ಸಿಕ್ಕ ರಾಣಿ ಇರುವೆ: ಜಾತಿ ಗುರುತಿಸುವ ಕ್ರಮ

ಅನಂತಪುರ ಜಿಲ್ಲೆಯ ಕಣೇಕಲ್ಲು, ಬೊಮ್ಮನಹಾಳು ಕಡೆ ಹಗರಿ ನದಿಯ ದಂಡೆಗೆ ಹಬ್ಬಿರುವ ಮರಳು ದಿಬ್ಬಗಳಲ್ಲಿ ಹದವಾದ ಮಳೆ ಬಿದ್ದ ಮೇಲೆ ರೆಕ್ಕೆ ಕಳಚಿದ ರಾಣಿ ಇರುವೆಗಳು ಗೂಡು ತೋಡಲು ಜಾಗ ಹುಡುಕುತ್ತ ನೆಲದ ಮೇಲೆ ಓಡಾಡುತ್ತವೆ. ಎದೆಭಾಗ ಉಬ್ಬಿದ್ದು, ಅದರ ಎರಡೂ ಬದಿಗೆ ರೆಕ್ಕೆ ಉದುರಿದ ಮಚ್ಚೆಗಳಿದ್ದರೆ ಅದು ರಾಣಿಯೇ ಸರಿ. ಹಿಡಿದೊಡನೆ ಬಣ್ಣ ನೋಡಿ ಹೆಸರಿಡುವ ಆತುರ ಬೇಡ, ಏಕೆಂದರೆ ಒಂದೇ ಜಾತಿಯೊಳಗೂ ಬಣ್ಣ ಬದಲಾಗುತ್ತದೆ. ಮೈಕಟ್ಟು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ರಾಣಿಯನ್ನು ಗಾಜಿನ ಕೊಳವೆಗೆ ಹಾಕಿ ಕೆಲವೇ ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಅದರ ಓಡಾಟ ನಿಲ್ಲುತ್ತದೆ. ಆಗ ಪಕ್ಕದಿಂದ, ಮೇಲಿನಿಂದ ಮತ್ತು ಮುಖದ ನೇರಕ್ಕೆ ಮೂರು ಚಿತ್ರ ತೆಗೆದು, ಒಂದರಲ್ಲಾದರೂ ಸ್ಕೇಲು ಕಾಣುವಂತೆ ನೋಡಿಕೊಳ್ಳಬೇಕು.

ಮೊದಲು ನೋಡಬೇಕಾದದ್ದು ಸೊಂಟ. ಎದೆಗೂ ಹೊಟ್ಟೆಗೂ ನಡುವೆ ಒಂದೇ ಗಂಟಿದ್ದರೆ ಹೊಟ್ಟೆಯ ತುದಿಯನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು: ಅಲ್ಲಿ ಸುತ್ತ ಕೂದಲಿರುವ ದುಂಡನೆಯ ಸಣ್ಣ ರಂಧ್ರ ಕಂಡರೆ ಅದು ಫಾರ್ಮಿಸಿನೆ ಉಪಕುಟುಂಬದ್ದು, ಕುಟುಕುವ ಮುಳ್ಳಿದ್ದರೆ ಹೆಚ್ಚಾಗಿ ಪೊನೆರಿನೆಯದ್ದು. ನಮ್ಮ ಗೊದ್ದಗಳಾದ ಕ್ಯಾಂಪೊನೋಟಸ್ ಮೊದಲನೆಯ ಗುಂಪಿಗೆ ಸೇರುತ್ತವೆ. ಕಪ್ಪು ಮೈಯ ದೊಡ್ಡ ರಾಣಿ ಕ್ಯಾಂಪೊನೋಟಸ್ ಕಂಪ್ರೆಸ್ಸಸ್ ಇರಬಹುದು. ಹೊಟ್ಟೆಯ ಮೇಲೆ ರೇಷ್ಮೆಯ ಹೊಳಪಿನ ಹೊಂಬಣ್ಣದ ನವಿರು ಒತ್ತಾಗಿದ್ದರೆ ಕ್ಯಾಂಪೊನೋಟಸ್ ಸೆರಿಸಿಯಸ್ ಎಂದು ಸಾಕಷ್ಟು ಧೈರ್ಯದಿಂದ ಹೇಳಬಹುದು. ಇನ್ನು ಎರಡನೆಯ ಗುಂಪಿನ ಡಯಾಕಮ್ಮ ಕುಲದ ರಾಣಿ ಸಿಕ್ಕಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಕುಲದಲ್ಲಿ ಬೇರೆ ರೂಪದ ರಾಣಿಯೇ ಇರುವುದಿಲ್ಲ, ಆಳು ಇರುವೆಗಳಲ್ಲೊಂದು ಗಂಡನ್ನು ಕೂಡಿ ಮೊಟ್ಟೆ ಇಡುತ್ತದೆ.

ಸೊಂಟದಲ್ಲಿ ಎರಡು ಗಂಟುಗಳಿದ್ದರೆ ಅದು ಬಹುತೇಕ ಮಿರ್ಮಿಸಿನೆ ಉಪಕುಟುಂಬದ್ದು. ಒಣಭೂಮಿಯಲ್ಲಿ ಕಾಳು ಕೂಡಿಡುವ ಇರುವೆಗಳು ಇದರಲ್ಲೇ ಬರುವುದರಿಂದ ಇಲ್ಲಿ ತಾಳ್ಮೆ ಬೇಕು. ಮೀಸೆಯ ಬುಡದಿಂದ ತುದಿಯವರೆಗೆ ಗೆಣ್ಣುಗಳನ್ನು ಎಣಿಸಿ, ಬುಡದ ಉದ್ದನೆಯ ಗೆಣ್ಣನ್ನೂ ಲೆಕ್ಕಕ್ಕೆ ಹಿಡಿಯಿರಿ. 9 ಇದ್ದು, ಮೈ ತುಂಬ ಕೂದಲಿದ್ದರೆ ಮೆರನೋಪ್ಲಸ್ ಕುಲ. 10 ಅಥವಾ 11 ಇದ್ದು, ಕೊನೆಯ ಎರಡು ದಪ್ಪಗಿದ್ದರೆ ಸೊಲೆನಾಪ್ಸಿಸ್ ಇರಬಹುದು. 12 ಇದ್ದು ಕೊನೆಯ ಮೂರು ದಪ್ಪಗಿದ್ದರೆ ಫೈಡೋಲೆಯೋ ಟ್ರೈಕೋಮಿರ್ಮೆಕ್ಸೋ ಇರಬಹುದು. ಇವೆರಡನ್ನು ರಾಣಿಯ ಚಿತ್ರದಿಂದಷ್ಟೇ ಬೇರ್ಪಡಿಸುವುದು ಕಷ್ಟ. ತಲೆಯ ಮೇಲೆ ಒತ್ತೊತ್ತಾದ ಗೀರುಗಳಿದ್ದು, ಹಿಡಿದ ಜಾಗದ ಹತ್ತಿರ ಬಾಯಿಯ ಸುತ್ತ ಹೊಟ್ಟು ಚೆಲ್ಲಿದ ಗೂಡುಗಳಿದ್ದರೆ ಟ್ರೈಕೋಮಿರ್ಮೆಕ್ಸ್ ಸ್ಕೇಬ್ರಿಸೆಪ್ಸ್ ಎಂಬ ಊಹೆಗೆ ಬಲ ಬರುತ್ತದೆ. ಹಳೆಯ ಬರಹಗಳಲ್ಲಿ ಇದೇ ಇರುವೆ ಹೋಲ್ಕೋಮಿರ್ಮೆಕ್ಸ್ ಅಥವಾ ಮೊನೋಮೋರಿಯಂ ಎಂಬ ಹೆಸರಿನಲ್ಲಿ ಸಿಗುತ್ತದೆ.

ಇಷ್ಟರಿಂದ ಕುಲ ಖಚಿತವಾದರೆ ಸಾಕೆಂದೇ ನನ್ನ ಅಭಿಪ್ರಾಯ. ಜಾತಿ ತಿಳಿಸುವ ಸೂಚಿಗಳು ಬಹುಮಟ್ಟಿಗೆ ಆಳುಗಳ ಲಕ್ಷಣಗಳನ್ನು ಆಧರಿಸಿರುವುದರಿಂದ, ಸಂದೇಹ ಉಳಿದರೆ ರಾಣಿಯನ್ನು ಸಾಕಿ ಆಳುಗಳು ಹುಟ್ಟುವವರೆಗೆ ಕಾಯಬೇಕು. ಮೊದಲ ತಂಡದ ಆಳುಗಳು ತೀರ ಚಿಕ್ಕವಾಗಿರುತ್ತವೆ, ಮುಂದಿನ ತಂಡದವನ್ನು ಪರೀಕ್ಷಿಸುವುದು ಲೇಸು. ತಜ್ಞರಿಗೆ ತೋರಿಸುವುದಿದ್ದರೆ ಒಂದೆರಡು ಆಳುಗಳನ್ನು ಶೇಕಡಾ 70ರಿಂದ 80ರ ಆಲ್ಕೋಹಾಲಿನಲ್ಲಿಟ್ಟು, ರಾಣಿ ಸಿಕ್ಕ ಊರು, ದಿನಾಂಕ, ಹೊತ್ತು, ಮಣ್ಣಿನ ಬಗೆ ಇಷ್ಟನ್ನೂ ಚೀಟಿಯಲ್ಲಿ ಬರೆದು ಸೀಸೆಯೊಳಗೇ ಹಾಕಬೇಕು. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಬಹುದಾದ್ದರಿಂದ ಪೆನ್ಸಿಲ್ಲಿನಲ್ಲೇ ಬರೆಯಿರಿ.