ಅಕ್ಕಪಕ್ಕದ ಜಮೀನಿನವರು ಸೇರಿ ಮಣ್ಣು ಉಳಿಸಿಕೊಳ್ಳುವುದು ಹೇಗೆ?

ಒಬ್ಬರೇ ಬದು ಹಾಕಿದರೆ ಸಾಲದು. ಮೇಲಿನ ಹೊಲದ ನೀರು ಕೆಳಗಿನ ಹೊಲದಲ್ಲಿ ಕೊರಕಲು ಮಾಡುತ್ತದೆ ಅಲ್ವಾ? ಅದಕ್ಕೇ ಒಂದೇ ಇಳಿಜಾರಿನ ಐದಾರು ಮನೆಯವರು ಸೇರಿ, ಜೋರು ಮಳೆ ನಿಂತ ಕೂಡಲೇ ಒಂದು ಸುತ್ತು ನಡೆಯಿರಿ, ಕದಡಿದ ನೀರು ಹರಿದ ದಾರಿಯನ್ನೆಲ್ಲ ಕಾಗದದಲ್ಲಿ ಗುರುತಿಸಿಕೊಳ್ಳಿ.

ಬದು ಹಾಕಬೇಕಾದ ಸಮಮಟ್ಟದ ಗೆರೆ ಹಿಡಿಯಲು ಎ-ಫ್ರೇಮ್ (ಇಂಗ್ಲಿಷ್ A ಆಕಾರದ ಚೌಕಟ್ಟು) ಸಾಕು. 2 ಮೀಟರಿನ ಎರಡು ಗಳುಗಳ ತುದಿ ಕಟ್ಟಿ, ಕಾಲು ಅಗಲಿಸಿ ಅಡ್ಡಪಟ್ಟಿ ಹಾಕಿ, ಮೇಲಿಂದ ದಾರದಲ್ಲಿ ಕಲ್ಲು ಇಳಿಬಿಡಿ. ದಾರ ಪಟ್ಟಿಗೆ ತಾಗುವಲ್ಲಿ ಗುರುತು ಹಾಕಿ. ಈಗ ಕಾಲುಗಳನ್ನು ಅದೇ ಜಾಗದಲ್ಲಿ ಅದಲುಬದಲು ಮಾಡಿ ಇನ್ನೊಂದು ಗುರುತು. ಎರಡರ ಮಧ್ಯವೇ ಸಮಮಟ್ಟ. ದಾರ ಅಲ್ಲೇ ನಿಲ್ಲುವಂತೆ ಒಂದೊಂದೇ ಹೆಜ್ಜೆ ಇಡುತ್ತಾ ಗೂಟ ಹೊಡೆದುಕೊಂಡು ಹೋಗಿ.

ಕೆಲಸ ಮೇಲಿನಿಂದಲೇ ಶುರುವಾಗಲಿ. ಕೆಳಗಿನ ಬದು ಮೊದಲು ಹಾಕಿದರೆ ನುಗ್ಗುವ ನೀರಿಗೆ ಒಡೆಯುತ್ತದೆ, ದುಡಿಮೆಯೆಲ್ಲ ಹಾಳು. ಹೆಚ್ಚಾದ ನೀರು ಹೊರಹೋಗಲು ಬದುವಿನಲ್ಲಿ ಕೋಡಿ ಬಿಡಲೇಬೇಕು. ಅದರ ನೀರು ಯಾರ ಕಡೆ ಹೋಗುತ್ತದೋ ಅವರ ಒಪ್ಪಿಗೆ ಮೊದಲೇ ಬರೆಸಿಕೊಳ್ಳಿ, ಜಗಳ ಜಾಸ್ತಿ ಬರುವುದೇ ಇಲ್ಲಿ. ಬದುವಿನ ಮೇಲೆ ಲಾವಂಚ ನೆಡಿ.

ಸಹಾಯಧನಕ್ಕೆ ಒಬ್ಬೊಬ್ಬರೇ ಅಲೆಯಬೇಡಿ. 1986ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಶುರುವಾದ ಲ್ಯಾಂಡ್‌ಕೇರ್ ಗುಂಪುಗಳು (ಜಮೀನು ಕಾಪಾಡಲು ಊರವರೇ ಕಟ್ಟಿಕೊಂಡ ಗುಂಪುಗಳು) ಮಾಡಿದ್ದೂ ಇದನ್ನೇ: ಅಕ್ಕಪಕ್ಕದವರೆಲ್ಲ ಒಟ್ಟಾಗಿ ಕೇಳಿದರು. ನಿಮ್ಮ ಕಾಗದದ ನಕ್ಷೆ, ಕೊರಕಲಿನ ಫೋಟೊ ಜೊತೆಗಿಟ್ಟು ಅರ್ಜಿ ಕೊಡಿ.