ಕಲ್ನಾರಿನ ಕ್ಯಾನ್ಸರ್: ಬ್ಯಾನರ್ ಆಮೇಲೆ, ಮೊದಲು ಕಾಗದ

ಕಲ್ನಾರು, ಅಂದರೆ ಆಸ್ಬೆಸ್ಟಾಸ್ ದೂಳು ಕುಡಿದವರಿಗೆ ಕ್ಯಾನ್ಸರ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಕಾರ್ಖಾನೆಗೆ ಬೀಗ ಬಿದ್ದಿರಬಹುದು, ಹಾಜರಿ ಪುಸ್ತಕ ಗೆದ್ದಲ ಪಾಲಾಗಿರಬಹುದು. ಪರಿಹಾರದ ಅರ್ಜಿ ಎಡವುವುದು ಇಲ್ಲೇ. ಕುಟುಂಬಗಳ ಪರವಾಗಿ ಹೋರಾಟಕ್ಕಿಳಿಯುವವರು ಕೆಲಸ ಶುರುಮಾಡಬೇಕಾದ್ದೂ ಇಲ್ಲಿಂದಲೇ.

ರೋಗಿ ಮಾತಾಡುವ ಸ್ಥಿತಿಯಲ್ಲಿರುವಾಗಲೇ ಅವರ ಕೆಲಸದ ವಿವರ ಬರೆದುಕೊಳ್ಳಿ. ಮೆಸೊಥೆಲಿಯೋಮಾ, ಅಂದರೆ ಹೆಚ್ಚಾಗಿ ಶ್ವಾಸಕೋಶದ ಸುತ್ತಲ ಪೊರೆಗೆ ಬರುವ ಕಲ್ನಾರಿನ ಕ್ಯಾನ್ಸರ್, ಪತ್ತೆಯಾದ ಮೇಲೆ ಅನೇಕರಿಗೆ ಉಳಿಯುವುದು ಒಂದೆರಡು ವರ್ಷವಷ್ಟೇ. ‘ಮುಂದಿನ ವಾರ ನೋಡೋಣ’ ಅನ್ನಬೇಡಿ. ಒಂದು ಹಾಳೆಗೆ ಐದು ಕಾಲಂ ಹಾಕಿ: ಇಸವಿ, ಜಾಗ, ಮಾಡಿದ ಕೆಲಸ, ಮುಟ್ಟಿದ ವಸ್ತು, ಜೊತೆಗಿದ್ದವರು. ‘ಫ್ಯಾಕ್ಟರಿಯಲ್ಲಿದ್ದರು’ ಎಂದರೆ ಸಾಲದು. ‘ಬಾಯ್ಲರ್ ಪೈಪಿನ ಹೊದಿಕೆ ಕಿತ್ತು, ಬಿದ್ದ ಪುಡಿಯನ್ನು ನೀರು ಚಿಮುಕಿಸದೆ ಗುಡಿಸುತ್ತಿದ್ದರು’ ಎಂಬ ಒಂದು ಸಾಲು ಹತ್ತು ಪುಟದ ಮನವಿಗಿಂತ ಗಟ್ಟಿ. ಆ ಬಟ್ಟೆಯನ್ನು ಮನೆಯಲ್ಲಿ ಕೊಡವಿ ಒಗೆದವರು ಯಾರೆಂದೂ ಕೇಳಿ. ಕಾರ್ಖಾನೆಯ ಗೇಟು ದಾಟದ ಹೆಂಡತಿ, ಮಕ್ಕಳಿಗೂ ಈ ರೋಗ ಬಂದದ್ದಿದೆ. ಕಾರ್ಮಿಕರಿಗೆಂದೇ ಮಾಡಿದ ಯೋಜನೆಯಲ್ಲಿ ಅವರ ಹೆಸರು ಹುಡುಕಿದರೂ ಸಿಗುವುದಿಲ್ಲ.

ಆಮೇಲೆ ಆಸ್ಪತ್ರೆ. ಬಯಾಪ್ಸಿ ವರದಿ ಮತ್ತು ಸ್ಕ್ಯಾನ್‌ನ ನಕಲು ಪಡೆಯಿರಿ. ಅಂಗಾಂಶದ ಪ್ಯಾರಾಫಿನ್ ಬ್ಲಾಕ್ (ಪರೀಕ್ಷೆಗೆ ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಗಟ್ಟಿ) ಎಸೆಯದಂತೆ ಲಿಖಿತವಾಗಿ ಕೋರಿ. ರೋಗಿ ತೀರಿಕೊಂಡಾಗ ಪ್ರಮಾಣಪತ್ರದಲ್ಲಿ ‘ಉಸಿರಾಟದ ವೈಫಲ್ಯ’ ಎಂದಷ್ಟೇ ಬರೆದರೆ ಆ ಸಾವು ಲೆಕ್ಕಕ್ಕೇ ಬರುವುದಿಲ್ಲ. ಮೂಲ ಕಾರಣದ ಸಾಲಿನಲ್ಲಿ ಮೆಸೊಥೆಲಿಯೋಮಾ ಎಂದಿರಬೇಕು; ರೋಗಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿಯಾದ ಐಸಿಡಿ-10ರಲ್ಲಿ ಅದರ ಸಂಕೇತ ಸಿ45.

ಬೇಡಿಕೆ ಚಿಕ್ಕದಿರಲಿ, ಚೂಪಾಗಿರಲಿ. ‘ಕುಟುಂಬಗಳಿಗೆ ನೆರವು ಕೊಡಿ’ ಎಂದರೆ ಅಧಿಕಾರಿ ‘ಪರಿಶೀಲಿಸುತ್ತೇವೆ’ ಎಂದು ಕೈತೊಳೆದುಕೊಳ್ಳಬಹುದು. ಬದಲಿಗೆ ಹೀಗೆ ಬರೆಯಿರಿ: ‘ಅರ್ಜಿಯ ಕಾಲಮಿತಿಯನ್ನು ಕೆಲಸ ಬಿಟ್ಟ ದಿನದಿಂದಲ್ಲ, ರೋಗ ಪತ್ತೆಯಾದ ದಿನದಿಂದ ಎಣಿಸಿ. ಬಟ್ಟೆಯ ದೂಳಿನಿಂದ ರೋಗ ಬಂದವರನ್ನೂ ಸೇರಿಸಿ. ಕಂಪನಿ ಮುಚ್ಚಿದ್ದರೆ ಹಣ ಕೊಡಲು ನಿಧಿ ಸ್ಥಾಪಿಸಿ.’ ಹೀಗೆ ಕೇಳಿದರೆ ಹೌದು ಇಲ್ಲವೆಂದು ಹೇಳಲೇಬೇಕಾಗುತ್ತದೆ. ಕಾನೂನು ಬದಲಿಸಬೇಕಾದ್ದನ್ನು ಶಾಸಕರಿಗೆ, ನಿಯಮದಲ್ಲೇ ಮುಗಿಯುವುದನ್ನು ಇಲಾಖೆಗೆ, ಬೇರೆಬೇರೆ ಪತ್ರವಾಗಿ ಕೊಡಿ. ಸ್ವೀಕೃತಿಯ ಮುದ್ರೆ ಮರೆಯಬೇಡಿ.

ಎರಡು ವಾದ ಎದುರಾಗಬಹುದು. ‘ಸಿಗರೇಟು ಸೇದುತ್ತಿದ್ದರಲ್ಲ’ ಎಂದರೆ, ಮೆಸೊಥೆಲಿಯೋಮಾಕ್ಕೆ ಸಿಗರೇಟು ಕಾರಣವಲ್ಲ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಹೊಗೆಯೂ ಕಲ್ನಾರೂ ಸೇರಿ ಅಪಾಯ ಇನ್ನೂ ಹೆಚ್ಚುತ್ತದೆ. ‘ಬಿಳಿ ಕಲ್ನಾರು ನಿರುಪದ್ರವಿ’ ಎಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಲ್ನಾರಿನ ಎಲ್ಲ ಬಗೆಗಳನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇಟ್ಟಿದೆ.

ಪತ್ರಿಕೆಗೆ ಹೆಸರು, ಫೋಟೊ ಕೊಡುವ ಮುನ್ನ ಕುಟುಂಬದ ಲಿಖಿತ ಒಪ್ಪಿಗೆ ಇರಲಿ. ಮೊಕದ್ದಮೆ ನಡೆಯುತ್ತಿದ್ದರೆ ವಕೀಲರನ್ನು ಕೇಳದೆ ಹೇಳಿಕೆ ಬೇಡ. ಮೂಲ ದಾಖಲೆ ಮಾತ್ರ ಯಾವ ಕಚೇರಿಗೂ ಕೊಡಬೇಡಿ. ತೋರಿಸಿ, ನಕಲು ಕೊಟ್ಟು, ಮೂಲವನ್ನು ವಾಪಸು ತನ್ನಿ.